ಕೆನ್ನೆಯೊಳಗಿನ ಉಸಿರು

ಆ ಬೀದಿಯಲ್ಲಿ ಅಕ್ಕಸಾಲಿಯನ್ನು ಎಲ್ಲರೂ ತಿದಿ ಎನ್ನುತ್ತಿದ್ದರು. ಹುಟ್ಟಿದಾಗ ಇಟ್ಟ ಹೆಸರೊಂದು ಇದ್ದೇ ಇತ್ತು. ಅದನ್ನು ಅವನ ಹೆಂಡತಿಯೂ ಒಂದು ಗಳಿಗೆ ಯೋಚಿಸಿ ಹೇಳಬೇಕಾಗುತ್ತಿತ್ತು. ಕುಲುಮೆಯ ತಿದಿಗಾದರೂ ಒತ್ತುವುದಕ್ಕೆ ಒಬ್ಬ ಆಳು ಬೇಕು, ಒತ್ತಿ ಬಿಡುವ ನಡುವೆ ಗಾಳಿ ಒಂದಿಷ್ಟು ತಡವರಿಸುತ್ತದೆ. ಇವನ ಬಾಯಿಗೆ ಆ ತಡವರಿಕೆಯೂ ಇರಲಿಲ್ಲ. ಊದುಗೊಳವೆಯನ್ನು ತುಟಿಯಲ್ಲಿ ಕಚ್ಚಿಕೊಂಡು ದೀಪದ ಮುಂದೆ ಬಗ್ಗಿದನೆಂದರೆ ಕೆನ್ನೆಗಳೆರಡೂ ಕಪ್ಪೆಯ ಗಂಟಲಿನಂತೆ ಉಬ್ಬಿ ನಿಲ್ಲುತ್ತಿದ್ದವು. ಉರಿ ಸೂಜಿಯಂತೆ ಸಣ್ಣಗೆ, ನೀಲಿಯಾಗಿ ಹೊರಟು ಸರದ ಕೊಂಡಿಯ ಮೇಲೆ ಕೂರುತ್ತಿತ್ತು. ಬೆಸುಗೆ ಕರಗಿ ಹೊಳೆದು ಸಂದಿನೊಳಗೆ ಹರಿಯುವ ತನಕ ಆ ಉರಿ ಒಮ್ಮೆಯೂ ಅಲುಗುತ್ತಿರಲಿಲ್ಲ. ಕೆನ್ನೆಯಲ್ಲಿ ಕೂಡಿಟ್ಟ ಗಾಳಿ ಕೊಳವೆಗೆ ಹೋಗುತ್ತಿರುವಾಗಲೇ ಮೂಗು ತನ್ನ ಪಾಡಿಗೆ ತಾನು ಹೊಸ ಗಾಳಿ ಎಳೆದುಕೊಳ್ಳುತ್ತಿತ್ತು. ಅವನ ಅಪ್ಪ ಈ ವಿದ್ಯೆಯನ್ನು ‘ದಮ್ಮು ಕಟ್ಟುವುದು’ ಎಂದು ಕರೆಯುತ್ತಿದ್ದ. ಆ ಮನೆಯಲ್ಲಿ ಮಕ್ಕಳು ಅಕ್ಷರ ಕಲಿಯುವುದಕ್ಕೆ ಮೊದಲು ದಮ್ಮು ಕಟ್ಟುವುದನ್ನು ಕಲಿಯುತ್ತಿದ್ದರು.

ಇಂಥ ವಿದ್ಯೆ ಇದ್ದೂ ಲೋಕದ ಮೇಲೆ ತಾತ್ಸಾರ ಹುಟ್ಟದಿದ್ದರೆ ಅವನು ಸಂತನಾಗಿರಬೇಕು. ತಿದಿ ಸಂತನಾಗಿರಲಿಲ್ಲ. ಗ್ಯಾಸ್ ಟಾರ್ಚು ಹಿಡಿದು ಬೆಸುಗೆ ಹಾಕುವವರನ್ನು ಅವನು ‘ಒಲೆ ರಿಪೇರಿಯವರು’ ಎನ್ನುತ್ತಿದ್ದ. ಅಚ್ಚಿನಲ್ಲಿ ಎರಕ ಹೊಯ್ದ ಒಡವೆಯನ್ನು ಯಾರಾದರೂ ತೋರಿಸಿದರೆ, ಸತ್ತ ಜಿರಲೆಯನ್ನು ಮೀಸೆ ಹಿಡಿದು ಎತ್ತುವ ಹಾಗೆ ಎತ್ತಿ ನೋಡಿ, ಕೆಳಗಿಟ್ಟು, ಬೆರಳನ್ನು ಪಂಚೆಗೆ ಒರೆಸಿಕೊಳ್ಳುತ್ತಿದ್ದ. ಓದಿದವರನ್ನು ಕಂಡರೆ ನಗು, ಓದದವರನ್ನು ಕಂಡರೆ ಸಿಟ್ಟು. ಈ ತಾತ್ಸಾರಕ್ಕೆ ನಿತ್ಯದ ಮೇವು ಸಿಗಲೆಂದೇ ಏನೋ, ದೇವರು ಅವನಿಗೊಬ್ಬ ಭಾವಮೈದನನ್ನು ದಯಪಾಲಿಸಿದ್ದ.

ಭಾವಮೈದನೆಂದರೆ ಹೆಂಡತಿಯ ತಮ್ಮ. ದೊಡ್ಡ ಬೀದಿಯಲ್ಲಿ ಅವನದೊಂದು ಗಾಜಿನ ಬಾಗಿಲಿನ ಆಭರಣದ ಅಂಗಡಿ. ಒಳಗೆ ಎಸಿ, ಹೊರಗೆ ಸಲಾಮು ಹೊಡೆಯುವ ಕಾವಲುಗಾರ. ಒಡವೆಯೆಲ್ಲ ಎಲ್ಲೋ ಕಾರ್ಖಾನೆಯಲ್ಲಿ ಆಗಿ, ಪ್ಲಾಸ್ಟಿಕ್ ಚೀಲದಲ್ಲಿ ಮಲಗಿಕೊಂಡು ಬರುತ್ತಿತ್ತು. ಅವನು ಮಾಡುತ್ತಿದ್ದ ಕೆಲಸವೆಂದರೆ ತಿರುಗುವ ಕುರ್ಚಿಯಲ್ಲಿ ಕೂತು ಎಡಕ್ಕೆ ಒಂದು ಸುತ್ತು, ಬಲಕ್ಕೆ ಒಂದು ಸುತ್ತು ತಿರುಗುವುದು. ಜೀವಮಾನದಲ್ಲಿ ಒಂದು ಕೊಂಡಿ ಬೆಸೆದವನಲ್ಲ. ಆದರೂ ಬೋರ್ಡಿನ ಮೇಲೆ ‘ಕುಶಲಕರ್ಮಿಗಳು’ ಎಂದು ಬರೆಸಿಕೊಂಡಿದ್ದ. ನಾಚಿಕೆಯನ್ನೂ ಅವನು ಕಾರ್ಖಾನೆಯಿಂದಲೇ ತರಿಸಬೇಕಿತ್ತು.

ಭಾನುವಾರ ಅಕ್ಕನನ್ನು ನೋಡಲು ಬಂದರೆ ಭಾವನ ಕೆಲಸದ ಮಣೆಯ ಪಕ್ಕ ಕೂತು ಕಾಲು ಚಾಚುತ್ತಿದ್ದ.

“ಭಾವ, ಒಂದ್ಸಲ ನಮ್ಮ ಅಂಗಡಿಗೆ ಬನ್ನಿ. ಹೊಸ ಮಷೀನು ಬಂದಿದೆ.”

“ನೀನಿರೋವಾಗ ಇನ್ನೊಂದು ಯಾಕೋ ತರಿಸ್ದೆ?”

“ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡಲ್ಲ ಅಂತಾರೆ. ನೀವು ನಮ್ಮಕ್ಕನ ನಿದ್ದೇನೂ ಬಿಡ್ತಾ ಇಲ್ಲ. ಏನು ಕೆಮ್ಮು ಭಾವ ಇದು, ತೋರಿಸ್ಬಾರದಾ?”

“ಇದು ಕೆಲಸ ಮಾಡೋರಿಗೆ ಬರೋ ಕೆಮ್ಮು. ನಿನಗೆ ಬರಲ್ಲ, ಹೆದರಬೇಡ.”

ಆದರೆ ಕೆಮ್ಮು ಮಾತ್ರ ಇಂಥ ಮಾತಿಗೆ ಬಗ್ಗುವ ಜಾತಿಯದಾಗಿರಲಿಲ್ಲ. ಇದ್ದಿಲ ಹೊಗೆ, ಆಸಿಡ್ಡಿನ ಹಬೆ ಕುಡಿದು ಕುಡಿದು ಅವನ ಎದೆ ಯಾವತ್ತೋ ಹಳೇ ಜರಡಿಯಾಗಿತ್ತು. ಒಂದು ದಿನ ಕೆಮ್ಮಿದಾಗ ಕರವಸ್ತ್ರದಲ್ಲಿ ಕೆಂಪು ಕಂಡಿತು. ಹೆಂಡತಿ ಮಾತಾಡದೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಳು. ಅವಳು ಕೂಗಾಡಿದ್ದರೆ ಅವನು ಜಗಳವಾಡಿ ಗೆಲ್ಲುತ್ತಿದ್ದ. ಸುಮ್ಮನೆ ನಿಂತವಳ ಜೊತೆ ಹೇಗೆ ಗೆಲ್ಲುವುದು? ಎದ್ದು ಹೊರಟ.

ದೊಡ್ಡಾಸ್ಪತ್ರೆಯಲ್ಲಿ ಫೋಟೋ ತೆಗೆದರು, ಸೂಜಿ ಚುಚ್ಚಿ ಚೂರು ತೆಗೆದರು. ಎಡಗಡೆಯ ಶ್ವಾಸಕೋಶದ ಕೆಳಭಾಗದಲ್ಲಿ ಗೋಲಿಯಷ್ಟು ದೊಡ್ಡ ಗಡ್ಡೆ. ಕ್ಯಾನ್ಸರು. ಬೇರೆಲ್ಲೂ ಹರಡಿಲ್ಲ, ಕೊಯ್ದು ತೆಗೆಯಬಹುದು, ಆದರೆ ಎದೆಯ ಬಲ ನೋಡಬೇಕು ಎಂದರು. ಅದಕ್ಕೊಂದು ಪರೀಕ್ಷೆ. ಕೈಗೆ ಒಂದು ಕೊಳವೆ ಕೊಟ್ಟು “ಊದಿ” ಎಂದರು.

ತಿದಿಗೆ ನಗು ಬಂತು. ಮೀನಿನ ಮರಿಗೆ ಈಜು ಪರೀಕ್ಷೆ! ಕೆನ್ನೆ ಉಬ್ಬಿಸಿ ಊದಿದ. ಯಂತ್ರದ ಮುಂದೆ ಕೂತವನು ತಲೆಯಾಡಿಸಿ, “ಕೆನ್ನೆಯಿಂದ ಅಲ್ಲ, ಎದೆಯಿಂದ, ಜೋರಾಗಿ, ಒಂದೇ ಸಲ” ಎಂದ. ಎದೆಯಿಂದ ಊದಿದರೆ ಕೆಮ್ಮು ಬಂತು. ಮತ್ತೆ ಊದಿಸಿದರು, ಮತ್ತೆ ಕೆಮ್ಮು ಬಂತು. ಕೊನೆಗೆ ಬಂದ ಫಲಿತಾಂಶ ನೋಡಿ ಶಸ್ತ್ರಚಿಕಿತ್ಸೆಯ ಡಾಕ್ಟರು, “ಈ ಎದೆ ಕೊಯ್ದರೆ ಉಳಿದದ್ದು ಉಸಿರಾಡೋಕೆ ಸಾಲಲ್ಲ” ಎಂದು ಹೇಳಿ, ಕಿರಣದ ವಿಭಾಗಕ್ಕೆ ಚೀಟಿ ಬರೆದುಬಿಟ್ಟರು.

ಊದುವ ಪರೀಕ್ಷೆಯಲ್ಲಿ ತಿದಿ ಫೇಲು! ಹೆಂಡತಿ ಕೇಳಿದಾಗ, “ಅವರ ಕೊಳವೆ ಸರಿಯಿಲ್ಲ, ಬಾಯಿ ಅಗಲ ಜಾಸ್ತಿ” ಎಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗಾದೆ ಮಾಡಿದವರಿಗೆ ಈ ಅಕ್ಕಸಾಲಿಯ ಪರಿಚಯ ಇದ್ದಿರಬೇಕು.

ಕಿರಣದ ವಿಭಾಗ ಆಸ್ಪತ್ರೆಯ ನೆಲಮಾಳಿಗೆಯಲ್ಲಿತ್ತು. ಗೋಡೆಗಳು ಕೋಟೆಯಷ್ಟು ದಪ್ಪ. ಅಲ್ಲಿಯ ಡಾಕ್ಟರು ಮೃದು ಮಾತಿನ ಮನುಷ್ಯ. ರೋಗಿಯ ಕಸುಬು ಕೇಳಿಕೊಂಡು ಅದಕ್ಕೆ ತಕ್ಕ ಉಪಮೆ ಹುಡುಕುವ ಚಪಲ ಅವರಿಗೆ.

“ಹಳೇ ಕ್ರಮದಲ್ಲಿ ವಾರಗಟ್ಟಲೆ ದಿನಾ ಒಂಚೂರು ಒಂಚೂರು ಕಿರಣ ಕೊಡ್ತಿದ್ವಿ,” ಎಂದರು. “ಅದು ಅಕ್ಕಸಾಲಿಯ ನೂರು ಏಟು. ನಿಮಗೆ ಕೊಡೋದು ಕಮ್ಮಾರನ ಏಟು. ಕೆಲವೇ ಸಲ, ಆದ್ರೆ ಭಾರಿ.”

ಅಕ್ಕಸಾಲಿಯ ಮುಂದೆ ಕಮ್ಮಾರನನ್ನು ಹೊಗಳುವುದೆಂದರೆ ಹೆಂಡತಿಯ ಮುಂದೆ ಪಕ್ಕದ ಮನೆಯವಳ ಅಡುಗೆಯನ್ನು ಹೊಗಳಿದ ಹಾಗೆ. ತಿದಿಯ ಮುಖ ಹುಳ್ಳಗಾಯಿತು.

“ನನ್ನ ಎದೆ ಏನು ಗುದ್ದಲೀನಾ ಸ್ವಾಮಿ, ಕಮ್ಮಾರನ ಹತ್ರ ಹೊಡೆಸೋಕೆ?”

ಹೆಂಡತಿ ಅವನ ತೊಡೆ ಚಿವುಟಿದಳು. ಡಾಕ್ಟರು ಪಾಪ, ಉಪಮೆ ಬಿಟ್ಟು ನೆಟ್ಟಗೆ ಹೇಳಿದರು. ಯಂತ್ರದ ತಲೆಯಲ್ಲಿ ಕಿರಣ ಹೊರಡುವ ದಾರಿಗೆ ಅಡ್ಡವಾಗಿ ಒಂದು ಲೋಹದ ಶಂಕು ಇರುತ್ತದೆ. ಕಿರಣ ಹುಟ್ಟುವಾಗ ನಡುವೆ ದಟ್ಟ, ಅಂಚಿನಲ್ಲಿ ತೆಳು. ಆ ಶಂಕು ನಡುವಿನದನ್ನು ನುಂಗಿ, ಎಲ್ಲ ಕಡೆ ಸಮ ಮಾಡಿ ಕಳಿಸುತ್ತದೆ. ದೊಡ್ಡ ಜಾಗಕ್ಕೆ ಕಿರಣ ಕೊಡುವಾಗ ಅದು ಬೇಕು. ಗೋಲಿಯಷ್ಟು ಗಡ್ಡೆಗೆ ಸಮ ಮಾಡುವುದೇನು ಬಂತು? ಶಂಕುವನ್ನು ಪಕ್ಕಕ್ಕೆ ಸರಿಸಿಬಿಟ್ಟರೆ ಕಿರಣ ಹಲವು ಪಟ್ಟು ರಭಸದಲ್ಲಿ ಬೀಳುತ್ತದೆ. ಸುತ್ತ ಎಲ್ಲ ದಿಕ್ಕಿನಿಂದ ಸಣ್ಣಗೆ ಗುರಿಯಿಟ್ಟು ಹೊಡೆದರೆ ಗಡ್ಡೆಗೆ ಪೂರಾ ಬೀಳುತ್ತದೆ, ಪಕ್ಕದ ಮಾಂಸ ಉಳಿಯುತ್ತದೆ. ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ.

ಇದು ತಿದಿಯ ತಲೆಗೆ ಬಾಣದ ಹಾಗೆ ಹೊಕ್ಕಿತು. ಸರದ ಒಂದು ಕೊಂಡಿ ಬೆಸೆಯುವಾಗ ಪಕ್ಕದ ಕೊಂಡಿಯ ಬೆಸುಗೆ ಬಿಡಬಾರದು. ಹರಡಿದ ಉರಿಯಲ್ಲಿ ನಿಧಾನ ಕಾಯಿಸಿದರೆ ಶಾಖ ಪಕ್ಕಕ್ಕೆ ಹರಿದು ಇಡೀ ಸರ ಉದುರುತ್ತದೆ. ಸೂಜಿ ಉರಿಯಲ್ಲಿ ಥಟ್ಟನೆ ಕಾಯಿಸಿ ಥಟ್ಟನೆ ತೆಗೆಯಬೇಕು. ಇದನ್ನು ಅವನ ಮನೆಯಲ್ಲಿ ಹಲ್ಲು ಬರುವ ಮೊದಲು ಹೇಳಿಕೊಡುತ್ತಿದ್ದರು.

“ಹರಡಿದ ಉರಿ ಬೇಡ, ಸೂಜಿ ಉರಿ ಬೇಕು. ಅಷ್ಟೇ ತಾನೇ?” ಎಂದ. “ಇಷ್ಟು ತಿಳ್ಕೊಳೋಕೆ ಇಷ್ಟು ದೊಡ್ಡ ಕಟ್ಟಡ ಕಟ್ಟಬೇಕಾಯ್ತಾ ನಿಮಗೆ?”

“ಸರಿಯಾಗಿ ಹೇಳಿದ್ರಿ. ಆದರೆ ಇನ್ನೊಂದು ತೊಡಕಿದೆ. ನೀವು ಉಸಿರಾಡಿದ ಹಾಗೆಲ್ಲ ಗಡ್ಡೆ ಮೇಲೆ ಕೆಳಗೆ ಜಾರುತ್ತೆ. ಹಾಗಾಗಿ ನೀವು ಉಸಿರು ಹಿಡಿದು ಮಲಗಿರೋವಾಗ ಮಾತ್ರ ಕಿರಣ ಬಿಡ್ತೀವಿ. ಹಳೇ ವೇಗದಲ್ಲಾದರೆ ನಿಮ್ಮಂಥ ಎದೆಯವರಿಗೆ ಆಗ್ತಾನೇ ಇರಲಿಲ್ಲ. ಈ ಕಿರಣ ಬೇಗ ಮುಗಿಯುತ್ತೆ, ಸ್ವಲ್ಪ ಹೊತ್ತು ಹಿಡಿದರೆ ಸಾಕು.”

“ಹಿಡಿಯದೆ ಹೋದ್ರೆ?” ಎಂದು ಕೇಳಿದವಳು ಹೆಂಡತಿ.

ಡಾಕ್ಟರು ಅವಳ ಕಡೆ ತಿರುಗಿದರು. “ಹಿಡಿಯದಿದ್ದರೆ ಗಡ್ಡೆ ಜಾರೋ ದಾರಿಗೆಲ್ಲ ಕಿರಣ ಕೊಡಬೇಕಾಗುತ್ತೆ ತಾಯಿ. ಅವರ ಎದೆಯಲ್ಲಿ ಉಳಿದಿರೋದೇ ಸ್ವಲ್ಪ. ಅದನ್ನೂ ಸುಟ್ಟರೆ ಗಡ್ಡೆ ಹೋಗಿ ಉಸಿರೂ ಹೋಗುತ್ತೆ. ಆ ಕೆಲಸ ನಾನು ಮಾಡಲ್ಲ.”

ತಿದಿ ಗಹಗಹಿಸಿ ನಕ್ಕ. ದಮ್ಮು ಕಟ್ಟುವುದು! ಅದೂ ತನಗೆ! ಕಾರು ತಂದಿದ್ದ ಭಾವಮೈದನೂ ಬಾಗಿಲಲ್ಲೇ ನಿಂತು, “ಅಯ್ಯೋ ಡಾಕ್ಟರೇ, ನಮ್ಮ ಭಾವನಿಗೆ ಅದು ಎಡಗೈ ಕೆಲಸ” ಎಂದ. ಆ ಭಾವಮೈದನ ಬಾಯಿಂದ ಬಂದ ಮಾತಿಗೆ ತಿದಿ ಮೊದಲ ಸಲ ಹೂಂಗುಟ್ಟಿದ.

ಅಭ್ಯಾಸಕ್ಕೆಂದು ಕರೆದ ದಿನ ಮೂವರೂ ಹೋದರು. ಕೋಣೆಯಲ್ಲಿ ಸಪೂರ ಮಂಚ; ಮೇಲೆ ಛಾವಣಿಯಲ್ಲೊಂದು ಕ್ಯಾಮರಾ. ಯಂತ್ರ ನಡೆಸುವ ಹುಡುಗಿ ತಿದಿಯನ್ನು ಮಲಗಿಸಿ, ಹೊಟ್ಟೆಯ ಮೇಲೆ ಹೊಳೆಯುವ ಚುಕ್ಕೆಗಳ ಒಂದು ಪ್ಲಾಸ್ಟಿಕ್ ಡಬ್ಬಿ ಇಟ್ಟಳು. ಉಸಿರಿನ ಜೊತೆ ಡಬ್ಬಿ ಏರಿಳಿಯುತ್ತದೆ, ಕ್ಯಾಮರಾ ಅದನ್ನು ನೋಡಿ ಪರದೆಯ ಮೇಲೆ ಗೆರೆ ಎಳೆಯುತ್ತದೆ. ಉಸಿರು ನಿಂತರೆ ಗೆರೆ ಚಪ್ಪಟೆ. ಗೆರೆ ಅಲುಗಿದರೆ ಕಿರಣ ತಾನೇ ನಿಂತುಹೋಗುತ್ತದೆ. ಇವತ್ತು ಕಿರಣ ಇಲ್ಲ, ಬರೀ ಅಭ್ಯಾಸ ಎಂದು ಹೇಳಿ ಅವಳು ಗಾಜಿನಾಚೆಯ ಕೋಣೆಗೆ ಹೋಗಿ ಮೈಕಿನಲ್ಲಿ ಮಾತಾಡಿದಳು.

“ಅಜ್ಜ, ಉಸಿರು ಎಳ್ಕೊಳ್ಳಿ. ಹಾಂ, ದಮ್ಮು ಕಟ್ಟಿ.”

ತಿದಿ ದಮ್ಮು ಕಟ್ಟಿದ.

“ದಮ್ಮು ಕಟ್ಟಿ ಅಜ್ಜ.”

ಕಟ್ಟಿಯೇ ಇದ್ದಾನಲ್ಲ! ಗುಂಡಿ ಒತ್ತುವ ಕಸುಬಿನವಳಿಗೆ ಕಣ್ಣೂ ಕಾಣುವುದಿಲ್ಲವೇನೋ ಎಂದುಕೊಂಡ.

“ಇನ್ನೊಂದ್ಸಲ ಮಾಡೋಣ. ಈಗ ಕಟ್ಟಿ... ಅಜ್ಜ, ಗೆರೆ ನಿಲ್ತಾ ಇಲ್ಲ.”

ಮತ್ತೆ ಮತ್ತೆ ಮಾಡಿಸಿದಳು. ಗೆರೆ ಕೆರೆಯ ಅಲೆಯಂತೆ ಸಣ್ಣಗೆ ಏರುತ್ತ ಇಳಿಯುತ್ತ ಹೋಗುತ್ತಿತ್ತೇ ಹೊರತು ಒಮ್ಮೆಯೂ ಚಪ್ಪಟೆಯಾಗಲಿಲ್ಲ. ಡಾಕ್ಟರನ್ನು ಕರೆಸಿದಳು. ಅವರು ಪರದೆ ನೋಡಿ, ಗಲ್ಲ ತುರಿಸಿಕೊಂಡು, “ಆಗಲ್ಲ ಅನ್ಸುತ್ತೆ. ಮನೆಯವರನ್ನ ಕರೀರಿ, ಹೇಳಿಬಿಡೋಣ” ಎಂದರು.

ಹೆಂಡತಿ ಬಂದಳು. ಅವಳಿಗೆ ಗೆರೆ ಅರ್ಥವಾಗಲಿಲ್ಲ; ಅವಳು ನೋಡಿದ್ದು ಪಕ್ಕದ ಟಿವಿಯನ್ನು. ಅದರಲ್ಲಿ ಮಂಚದ ಮೇಲೆ ಮಲಗಿದ್ದ ಗಂಡನ ಮುಖ ಕಾಣುತ್ತಿತ್ತು. ತುಟಿ ಬಿಗಿದು, ಕಣ್ಣು ಮೇಲಕ್ಕೆ ಸಿಕ್ಕಿಸಿಕೊಂಡು, ಎರಡೂ ಕೆನ್ನೆಗಳನ್ನು ಪೂರಿಯ ಹಾಗೆ ಉಬ್ಬಿಸಿಕೊಂಡಿದ್ದ. ಮೂಗಿನ ಹೊಳ್ಳೆ ಮೆಲ್ಲಗೆ ಅರಳುತ್ತ ಮುಚ್ಚುತ್ತ ಇತ್ತು.

ಸೆರಗು ಬಾಯಿಗಿಟ್ಟುಕೊಂಡರೂ ಅವಳ ನಗು ನಿಲ್ಲಲಿಲ್ಲ.

“ಇವರೆಲ್ಲಿ ಉಸಿರು ಹಿಡಿದಿದಾರಮ್ಮ! ಊದ್ತಾ ಇದಾರೆ! ಕೊಳವೆ ಒಂದು ಬಾಯಲ್ಲಿಲ್ಲ, ಅಷ್ಟೇ. ನೀನು ದಮ್ಮು ಕಟ್ಟು ಅಂದ್ರೆ ಇವರು ಕೆನ್ನೇಲಿ ಕಟ್ತಾರೆ. ಎದೆ ಪಾಡಿಗೆ ಎದೆ ಆಡ್ಕೊಂಡಿದೆ. ಹಿಂಗೇ ಕೂತ್ಕೊಂಡು ನನ್ನ ಅರ್ಧ ಆಯುಷ್ಯ ಕಳೆದವರು ಇವರು.”

ಮೈಕು ತೆರೆದೇ ಇತ್ತು. ಮಂಚದ ಮೇಲಿದ್ದವನಿಗೆ ಪ್ರತಿಯೊಂದು ಮಾತೂ ಕೇಳಿಸಿತು.

ಹುಡುಗಿ ಒಳಗೆ ಬಂದು ಸಮಾಧಾನವಾಗಿ, “ಅಜ್ಜ, ಕೆನ್ನೆ ಬೇಡ. ಎದೇಲಿ ನಿಲ್ಲಿಸಿ. ಮೂಗಿಂದಾನೂ ಎಳ್ಕೋಬಾರದು, ಬಾಯಿಂದಾನೂ ಬಿಡಬಾರದು” ಎಂದಳು.

“ನಾನು ದಮ್ಮು ಕಟ್ಟೇ ಇದೀನಿ. ನಿನ್ನ ಡಬ್ಬಿ ಕೆಟ್ಟಿದೆ.”

ಹುಡುಗಿ ವಾದ ಮಾಡಲಿಲ್ಲ. “ಡಬ್ಬಿ ಕೆಟ್ಟಿದೆಯೋ ನೋಡೇಬಿಡೋಣ, ಯಾರಾದ್ರೂ ಒಬ್ರು ಮಲಗಿ” ಎಂದಳು. ಮಲಗುವ ಕೆಲಸವೆಂದರೆ ಹಿಂದೆ ಸರಿಯದ ಭಾವಮೈದ ಬೂಟು ಬಿಚ್ಚಿ ಮಂಚ ಹತ್ತಿದ. ಡಬ್ಬಿ ಅವನ ಹೊಟ್ಟೆಗುಡ್ಡದ ಮೇಲೆ ಕೂತಿತು. ಉಸಿರೆಳೆದ, ನಿಲ್ಲಿಸಿದ. ಪರದೆಯ ಮೇಲೆ ಗೆರೆ ಚಪ್ಪಟೆಯಾಗಿ ಓಡಿತು. ಓಡುತ್ತಲೇ ಇತ್ತು. ಹುಡುಗಿ “ಸಾಕು ಸಾರ್” ಎಂದ ಮೇಲೆ ಉಸಿರು ಬಿಟ್ಟು, ಎದ್ದು ಕೂತು, “ಇಷ್ಟೇನಾ?” ಎಂದ.

ಒಂದು ಕೊಂಡಿ ಬೆಸೆಯಲು ಬಾರದವನು! ತಿದಿ ಅಂಗಿಯ ಗುಂಡಿಯನ್ನು ಒಂದಕ್ಕೊಂದು ತಪ್ಪಾಗಿ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ಹೊರಗೆ ನಡೆದ. “ಒಂದು ವಾರ ಟೈಮ್ ಕೊಡ್ತೀನಿ, ಆಮೇಲೆ ಕೊನೇ ಸಲ ನೋಡೋಣ” ಎಂದು ಡಾಕ್ಟರು ಹೇಳಿದ್ದು ಹೆಂಡತಿಗೆ.

ಮನೆಯಲ್ಲಿ ಅವನು ಊಟ ಬಿಟ್ಟ. ಊಟ ಬಿಟ್ಟವನನ್ನು ಯಾರೂ ಕರೆಯದಿದ್ದಾಗ ತಾನೇ ಹೋಗಿ ಉಂಡ. ಬೀದಿಯವರು ಒಬ್ಬೊಬ್ಬರಾಗಿ ಬಂದು ಸಲಹೆ ಕೊಟ್ಟರು. ಕಷಾಯ ಹೇಳಿದವನೊಬ್ಬ, ಕಿರಣ ಕೊಟ್ಟರೆ ಮೂಳೆ ಹೊಳೆಯುತ್ತದೆ ಎಂದವನೊಬ್ಬ. ತಮ್ಮ ಮನೆಯ ಸೋರುವ ನಲ್ಲಿ ನಿಲ್ಲಿಸಲಾರದವರು ಅವನ ಕ್ಯಾನ್ಸರು ನಿಲ್ಲಿಸಲು ಬಂದಿದ್ದರು. ಎಲ್ಲರನ್ನೂ ಬೈದು ಕಳಿಸಿದ ಮೇಲೆ ಮನೆಯಲ್ಲಿ ಉಳಿದದ್ದು ಅವನು, ಗೋಡೆಯ ಮೇಲಿನ ಸಣ್ಣ ಕನ್ನಡಿ, ಮತ್ತು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಹೆಂಡತಿ.

ಕನ್ನಡಿಯ ಮುಂದೆ ನಿಂತ. ಉಸಿರೆಳೆದ. ತುಟಿ ಮುಚ್ಚಿತೋ ಇಲ್ಲವೋ, ಕೆನ್ನೆ ತಾನೇ ಉಬ್ಬಿತು. ಎರಡೂ ಅಂಗೈಯಿಂದ ಕೆನ್ನೆ ಒತ್ತಿ ಹಿಡಿದ. ಮೂಗು ತಾನೇ ಗಾಳಿ ಎಳೆಯಿತು. ಮೂಗು ಹಿಡಿದ. ಒಂದೆರಡು ಗಳಿಗೆಯಲ್ಲೇ ಎದೆಯೊಳಗೆ ಬೆಕ್ಕು ಪರಚಿದ ಹಾಗಾಗಿ, ಕೆಮ್ಮಿ ಕೆಮ್ಮಿ ಗೋಡೆ ಹಿಡಿದು ಕೂತ.

ಆಗ ಅವನಿಗೆ ಗೊತ್ತಾದದ್ದು, ಬೀದಿಯೆಲ್ಲ ಹೊಗಳಿದ ಅವನ ಉಸಿರು ಕಡಿಯದ ಉಸಿರು, ಅಷ್ಟೇ. ಕಡಿಯದಿರುವುದು ಬೇರೆ, ನಿಲ್ಲಿಸುವುದು ಬೇರೆ. ನಿಲ್ಲಿಸುವುದನ್ನು ಅವನ ಅಪ್ಪ ಕಲಿಸಿರಲಿಲ್ಲ, ಅಜ್ಜನೂ ಕಲಿಸಿರಲಿಲ್ಲ. ಉಸಿರು ನಿಂತ ಅಕ್ಕಸಾಲಿಯನ್ನು ಆ ಮನೆಯವರು ನೇರ ಮಸಣಕ್ಕೆ ಒಯ್ಯುತ್ತಿದ್ದರು.

ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದು ನೀರು ಕೊಟ್ಟಳು.

“ಏನ್ ನಗ್ತೀಯೇ? ನಗು,” ಎಂದ.

“ನಾನೇನು ನಗ್ತಿಲ್ಲ. ಅವತ್ತಿಂದು ಅವತ್ತಿಗೇ ಮುಗೀತು. ನೋಡಿ, ಉಸಿರು ನಿಲ್ಲಿಸೋದು ಅಂದ್ರೆ ಏನೂ ಮಾಡದೆ ಇರೋದು. ಅದು ನಿಮಗೆ ಬರಲ್ಲ. ನನ್ನ ತಮ್ಮನಿಗೆ ಅದು ಹುಟ್ಟಿನಿಂದ ಬಂದಿದೆ. ಅವನಿಗೆ ಬಾ ಅಂತ ಹೇಳ್ತೀನಿ.”

“ಅವನಾ! ಅವನ ಹತ್ರ ನಾನು ಕಲೀಬೇಕಾ! ಅದಕ್ಕಿಂತ ಸಾಯ್ತೀನಿ.”

“ಅದೇ ರೀ ನಾನೂ ಹೇಳ್ತಿರೋದು. ಇಲ್ದಿದ್ರೆ ಸಾಯ್ತೀರಿ.”

ಆ ಮಾತನ್ನು ಅವಳು ತರಕಾರಿಯ ರೇಟು ಹೇಳುವ ದನಿಯಲ್ಲಿ ಹೇಳಿದಳು. ಹೇಳಿ, ಒಳಗೆ ಹೋಗಿ, ಬಾಗಿಲು ಮುಂದೆ ಮಾಡಿಕೊಂಡಳು. ಎಷ್ಟು ಹೊತ್ತಾದರೂ ಪಾತ್ರೆಯ ಸದ್ದು ಬರಲಿಲ್ಲ. ತಿದಿ ಗೋಡೆಗೆ ಒರಗಿ ಆ ಸದ್ದಿಗಾಗಿ ಕಾದ. ಕೊನೆಗೆ, “ಬರಹೇಳು ಆ ಗೂಬೆಗೆ” ಎಂದು ಕೂಗಿದ.

ಗೂಬೆ ಮಾರನೆಯ ಬೆಳಿಗ್ಗೆಯೇ ಬಂತು. ಕೆಲಸದ ಕೋಣೆಯಲ್ಲಿ ಮಣೆ, ಅಗ್ಗಿಷ್ಟಿಗೆ ಎಲ್ಲ ಪಕ್ಕಕ್ಕೆ ಸರಿಸಿ ಎರಡು ಚಾಪೆ ಹಾಸಿದರು. ಭಾವ, ಭಾವಮೈದ ಇಬ್ಬರೂ ಅಂಗಾತ ಮಲಗಿದರು. ಹೆಂಡತಿ ಬೆಸುಗೆಗೆ ಬಳಸುವ ಬಿಳಿಗಾರದ ಡಬ್ಬಿಯೊಂದನ್ನು ಗಂಡನ ಹೊಟ್ಟೆಯ ಮೇಲೂ ಟೀಪುಡಿಯ ಡಬ್ಬಿಯೊಂದನ್ನು ತಮ್ಮನ ಹೊಟ್ಟೆಯ ಮೇಲೂ ಇಟ್ಟು, ಬಾಗಿಲ ಹತ್ತಿರ ಕೂತು ಕಾವಲು ಕಾದಳು.

“ಬಾಯಿ ತೆಗೀರಿ ಭಾವ.”

“ಯಾಕೋ?”

“ಬಾಯಿ ತೆರೆದಿದ್ರೆ ಕೆನ್ನೇಲಿ ಗಾಳಿ ನಿಲ್ಲಲ್ಲ. ಅಂಗಡೀಲಿ ಗಿರಾಕಿ ಬರದೆ ಇರೋವಾಗ ನಾನು ಹಿಂಗೇ ಕೂತಿರ್ತೀನಿ. ಬಾಯಿ ಬಿಟ್ಕೊಂಡು, ಫ್ಯಾನ್ ನೋಡ್ಕೊಂಡು. ಏನೂ ಯೋಚನೆ ಮಾಡಬಾರದು.”

“ಅದು ನಿನಗೆ ಕಷ್ಟ ಅಲ್ಲ ಬಿಡು.”

“ಬೈಯೋವಾಗ ಡಬ್ಬಿ ಕುಣೀತಿದೆ ಭಾವ. ಬೈಬೇಡಿ.”

ಬಾಯಿ ಬಿಟ್ಟು ಮಲಗುವುದೆಂದರೆ ತಿದಿಗೆ ಪಂಚೆ ಬಿಚ್ಚಿ ಬೀದಿಯಲ್ಲಿ ನಿಂತಷ್ಟು ಸಂಕಟ. ಗಂಟಲು ಒಣಗುತ್ತಿತ್ತು, ಮುಖ ಪೆದ್ದನ ಮುಖವಾಗುತ್ತಿತ್ತು. ಪಕ್ಕದಲ್ಲಿ ಭಾವಮೈದ ಹೆಣದಂತೆ ಶಾಂತನಾಗಿ ಬಿದ್ದಿದ್ದ. ಒಮ್ಮೊಮ್ಮೆ ನಿದ್ದೆಯನ್ನೂ ಮಾಡಿಬಿಡುತ್ತಿದ್ದ. ಆದರೂ ದಿನ ಬಿಟ್ಟು ದಿನ ಅವನು ಅಂಗಡಿಯ ಬಾಗಿಲು ತೆಗೆಯುವುದನ್ನು ತಡ ಮಾಡಿ ಬರುತ್ತಿದ್ದನೆಂಬುದನ್ನು ಹೇಳಲೇಬೇಕು. ಅವನ ಪರವಾಗಿ ಹೇಳುವುದಕ್ಕೆ ಬೇರೇನೂ ಸಿಗುವುದಿಲ್ಲ. ವಾರ ಮುಗಿಯುವ ಹೊತ್ತಿಗೆ ತಿದಿಯ ಹೊಟ್ಟೆಯ ಮೇಲಿನ ಡಬ್ಬಿ ಒಂದಿಷ್ಟು ಹೊತ್ತು, ತೀರಾ ಒಂದಿಷ್ಟೇ ಹೊತ್ತು, ಗೋಡೆಯ ಮೊಳೆಗೆ ಸಿಕ್ಕಿಸಿದ ಹಾಗೆ ನಿಲ್ಲತೊಡಗಿತು. ಆಮೇಲೆ ಕೆಮ್ಮು.

ಡಾಕ್ಟರು ಹೇಳಿದ ಕೊನೆಯ ಸಲ ಬಂತು. ಹುಡುಗಿ ಈ ಬಾರಿ ‘ದಮ್ಮು ಕಟ್ಟಿ’ ಎಂಬ ಆ ಹಾಳು ಮಾತನ್ನು ಬಿಟ್ಟು, “ಬಾಯಿ ಬಿಡಿ ಅಜ್ಜ, ಸುಮ್ಮನಾಗಿ” ಎಂದಳು. ಗೆರೆ ಒಂದು ಮೆಟ್ಟಿಲೇರಿ ಚಪ್ಪಟೆಯಾಯಿತು. ಕೆಮ್ಮಿಗೆ ಮೊದಲು ಚಪ್ಪಟೆಯಾಗಿ ಇದ್ದದ್ದು ಬಹಳ ಹೊತ್ತಲ್ಲ.

“ನನ್ನ ಉಸಿರು ಅಷ್ಟೇನಾ?” ಎಂದ ತಿದಿ. ಕೇಳುವಾಗ ಅವನ ದನಿಯಲ್ಲಿ ಹಮ್ಮು ಇರಲಿಲ್ಲ.

“ಅಷ್ಟು ಸಾಕು ಅಜ್ಜ. ನಮ್ಮ ಕಿರಣಕ್ಕೆ ನಿಮಗಿಂತ ಅವಸರ.”

ಡಾಕ್ಟರು ಒಪ್ಪಿದರು. ಆ ಚಪ್ಪಟೆ ಗೆರೆಯಲ್ಲೇ ಎದೆಯ ಚಿತ್ರ ತೆಗೆದು, ಲೆಕ್ಕ ಹಾಕಿ, ಚಿಕಿತ್ಸೆಯ ದಿನ ಕೊಟ್ಟರು.

ಕಿರಣದ ಯಂತ್ರ ದೊಡ್ಡ ಬೆಳ್ಳನೆಯ ತೋಳಿನದು. ಮಲಗಿದವನ ಸುತ್ತ ಆ ತೋಳು ಹದ್ದು ಸುತ್ತಿದ ಹಾಗೆ ಸುತ್ತುತ್ತದೆ. ಎಲ್ಲರೂ ಹೊರಗೆ ಹೋದರು. ಗೋಡೆಯಷ್ಟೇ ದಪ್ಪದ ಬಾಗಿಲು ಮುಚ್ಚಿತು. ತಿದಿಯ ಕಣ್ಣ ಮೇಲೆ ಒಂದು ಸಣ್ಣ ಪರದೆ. ಅದರಲ್ಲಿ ಎರಡು ಬಣ್ಣದ ಪಟ್ಟಿ, ನಡುವೆ ಅವನ ಉಸಿರಿನ ಗೆರೆ. ಪಟ್ಟಿ ಮೀರಿದರೆ ಕಿರಣ ನಿಲ್ಲುತ್ತದೆ.

“ಎಳ್ಕೊಳ್ಳಿ. ಬಾಯಿ ಬಿಟ್ಟು ನಿಲ್ಲಿಸಿ.”

ನಿಲ್ಲಿಸಿದ. ಯಂತ್ರ ದುಂಬಿಯಂತೆ ಗುಂಯ್‌ಗುಟ್ಟಿತು. ಉರಿ ಇಲ್ಲ, ನೋವಿಲ್ಲ, ಬೆಳಕೂ ಇಲ್ಲ. ಕೆಲಸ ನಡೆಯುತ್ತಿದೆ, ಆದರೆ ಅವನ ಪಾಲಿಗೆ ಮಾಡಲು ಏನೂ ಇಲ್ಲ; ಕೈಯಲ್ಲಿ ಚಿಮಟವಿಲ್ಲ, ಬಾಯಲ್ಲಿ ಕೊಳವೆಯಿಲ್ಲ. ಹುಟ್ಟಿದಾಗಿನಿಂದ ಅವನು ಇಷ್ಟು ನಿಷ್ಪ್ರಯೋಜಕನಾಗಿ ಎಲ್ಲೂ ಬಿದ್ದುಕೊಂಡಿರಲಿಲ್ಲ. “ಬಿಡಿ” ಎಂದಳು. ಬಿಟ್ಟ. ಮತ್ತೆ ಎಳೆದ, ನಿಲ್ಲಿಸಿದ. ಒಮ್ಮೆ ನಡುವೆಯೇ ಕೆಮ್ಮು ಕಳ್ಳನಂತೆ ಗಂಟಲಿಗೆ ಏರಿತು. ಗೆರೆ ಪಟ್ಟಿ ಹಾರಿತು. ಗುಂಯ್‌ಗುಟ್ಟುವುದು ಥಟ್ಟನೆ ನಿಂತಿತು. ಮೈ ಬೆವೆತಿತು ಅವನಿಗೆ, ಎಲ್ಲ ಕೆಟ್ಟುಹೋಯಿತೆಂದು. ಕೆಮ್ಮು ಹೋದ ಮೇಲೆ ಹುಡುಗಿ ಮತ್ತೆ ಎಳೆಸಿದಳು, ಯಂತ್ರ ಬಿಟ್ಟ ಜಾಗದಿಂದಲೇ ಶುರು ಮಾಡಿತು. ಆ ದಿನ ಹೀಗೆ ದಾಟಿತು, ಮುಂದಿನ ಸರದಿಯೂ ದಾಟಿತು.

ಕೊನೆಯ ಸರದಿಗೆ ಹೆಂಡತಿ ಹುಡುಗಿಯ ಪಕ್ಕದಲ್ಲೇ ನಿಂತು ಟಿವಿ ನೋಡುತ್ತಿದ್ದಳು. ಬಾಯಿ ತೆರೆದು ಬಿದ್ದಿದ್ದ ಗಂಡನನ್ನು ನೋಡಿ ಅವಳಿಗೆ ಈ ಸಲ ನಗು ಬರಲಿಲ್ಲ. ಯಂತ್ರದ ತೋಳು ಕೊನೆಯ ಸುತ್ತು ಮುಗಿಸಿ ನಿಂತಿತು. ಆ ಬಿಳಿಗಡ್ಡದ ಮುಖದ ಕೆಳಗಿನ ಎದೆಯಲ್ಲಿ ಗೋಲಿಯಷ್ಟಿದ್ದ ಗಡ್ಡೆ ಕುಗ್ಗಿ ಕುಗ್ಗಿ ಹಳೇ ಗಾಯದ ಕಲೆಯಷ್ಟಾದದ್ದು, ತಿಂಗಳುಗಳ ಮೇಲೆ ಡಾಕ್ಟರು ಅದನ್ನು ಫೋಟೋದಲ್ಲಿ ತೋರಿಸಿದ್ದು, ಎಲ್ಲ ಆಮೇಲಿನ ಮಾತು. ಅವತ್ತು ಹುಡುಗಿ ಮೈಕಿಗೆ ಬಾಗಿ, “ಆಯ್ತು ಅಜ್ಜ, ಮುಗೀತು. ಉಸಿರು ಬಿಡಿ” ಎಂದಳು.

ಗೆರೆ ಚಪ್ಪಟೆಯಾಗಿಯೇ ಇತ್ತು.

“ಅಜ್ಜ, ಉಸಿರು ಬಿಡಿ. ಕೇಳಿಸ್ತಾ?”

ಗೆರೆ ಅಲುಗಲಿಲ್ಲ. ಟಿವಿಯಲ್ಲಿ ಬಾಯಿ ತೆರೆದೇ ಇತ್ತು, ಕಣ್ಣು ಛಾವಣಿಯಲ್ಲಿ ನೆಟ್ಟಿತ್ತು. ಹುಡುಗಿ ಬಾಗಿಲಿನ ಗುಂಡಿ ಒತ್ತಿ ಎದ್ದು ಓಡಿದಳು. ಹೆಂಡತಿ ಮೈಕನ್ನು ಎರಡೂ ಕೈಯಲ್ಲಿ ಹಿಡಿದು, ಇಡೀ ನೆಲಮಾಳಿಗೆಗೆ ಕೇಳಿಸುವ ಹಾಗೆ ಕೂಗಿದಳು:

“ರೀ! ಬಿಡ್ರೀ! ಸಾಕು ಬಿಡ್ರೀ!”

ಗೆರೆ ಒಮ್ಮೆಲೇ ಕೆಳಗೆ ಬಿತ್ತು. ಹಿಂದೆಯೇ ಕೆಮ್ಮು ಕುದುರೆಯ ಹಾಗೆ ನುಗ್ಗಿ ಬಂತು. ಹುಡುಗಿ ಅವನ ಬೆನ್ನಿಗೆ ಕೈ ಕೊಟ್ಟು ಎಬ್ಬಿಸಿ ಕೂರಿಸಿದಳು. ಹೆಂಡತಿ ಒಳಗೆ ಬಂದಾಗ ಅವನು ಕಣ್ಣೀರು ಒರೆಸಿಕೊಳ್ಳುತ್ತ, ಕೆಮ್ಮಿನ ನಡುವೆ ಉಸಿರು ಹುಡುಕುತ್ತಿದ್ದ.

“ಜೀವ ಹೋಗಿತ್ತು ನಂದು. ಬಿಡಿ ಅಂದ್ರೆ ಯಾಕ್ರೀ ಬಿಡಲಿಲ್ಲ?”

ಅವನು ಮೂಗು ಒರೆಸಿಕೊಂಡು, ಕೂಗು ಕೇಳಿ ಓಡಿಬಂದು ಬಾಗಿಲಲ್ಲಿ ಬಾಯಿ ಬಿಟ್ಟುಕೊಂಡು ನಿಂತಿದ್ದ ಭಾವಮೈದನ ಕಡೆ ಗದ್ದ ಎತ್ತಿ ತೋರಿಸಿದ.

“ಬಿಡು ಅಂದ ತಕ್ಷಣ ಬಿಡೋಕೆ ನಾನೇನು ನಿನ್ನ ತಮ್ಮನಾ?”